ಹುಲಿಚರ್ಮದಲ್ಲಿ ಅಂಗೈಯಗಲ ಜಾಗ

ಈ ವರ್ಷವೂ ಚಾಮುಂಡಿ ಬೆಟ್ಟದ ಹುಲ್ಲಿಗೆ ಬೆಂಕಿ ಬಿತ್ತು. ಮಧ್ಯಾಹ್ನದ ಗಾಳಿ ಹೊಗೆಯನ್ನು ಊರಿನ ಮೇಲೆ ಹಾಯಿಸಿ ನಮ್ಮ ಕೆಸರೆಯವರೆಗೂ ತಂದಿತು. ಜಗಲಿಯಲ್ಲಿ ಊದುಬತ್ತಿ ಹೊಸೆಯುತ್ತಿದ್ದ ಅತ್ತಿಗೆ ಕೈ ನಿಲ್ಲಿಸಿ ತಲೆಯೆತ್ತಿದರು. ನಾನೂ ತಲೆಯೆತ್ತಿದೆ. ಒಣಹುಲ್ಲು ಸುಟ್ಟ ವಾಸನೆ ಬಂದರೆ ನಮ್ಮಿಬ್ಬರಿಗೂ ನೆನಪಾಗುವುದು ಒಂದೇ ಬೇಸಿಗೆ. ಆ ಬೇಸಿಗೆಯಲ್ಲಿ ನನ್ನ ಅಣ್ಣ ಸತ್ತ. ಕೊಂದದ್ದು ಹುಲಿ ಎಂದು ಕಾಗದದಲ್ಲಿ ಬರೆದಿದ್ದಾರೆ. ಕಾಗದ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಒಬ್ಬನ ಮೇಲೆ ಮಾತ್ರ. ಅದು ಇಷ್ಟು ವರ್ಷವಾದರೂ ಆರಿಲ್ಲ, ಆರಲಿ ಎಂದು ನಾನು ಬಯಸಿಯೂ ಇಲ್ಲ.

ನಾನು ಓದಿದ್ದು ಮಿಡ್ಲ್ ಸ್ಕೂಲಿನವರೆಗೆ. ಸ್ವಾತಂತ್ರ್ಯ ಬಂದ ವರ್ಷ ಮೈಸೂರಿನ ಒಂದು ಚರ್ಮದ ಕಾರ್ಖಾನೆಗೆ ಸೇರಿದೆ. ಬೇಟೆಯಾಡಿದವರು ತಂದುಕೊಡುವ ಹುಲಿ, ಚಿರತೆ, ಕಾಟಿಗಳ ಚರ್ಮವನ್ನು ಹದಮಾಡಿ, ಕಾಗದದ ಮೇಲೆ ಕಾಗದ ಅಂಟಿಸಿ ಮಾಡಿದ ಟೊಳ್ಳು ಒಡಲಿಗೆ ಹೊಲಿದು, ಗಾಜಿನ ಕಣ್ಣಿಟ್ಟು ನಿಲ್ಲಿಸುವ ಕೆಲಸ. ನಾನು ಹೊಲಿಗೆಯವನು. ಗುಂಡು ಬಿದ್ದ ತೂತನ್ನು ಕೂದಲಿನ ದಿಕ್ಕು ನೋಡಿ ಹೊಲಿದರೆ, ಎಲ್ಲಿ ಹೊಡೆದೆ ಎಂಬುದು ಹೊಡೆದವನಿಗೂ ಗೊತ್ತಾಗಬಾರದು. ಅದು ನಮ್ಮ ಕಸುಬಿನ ಹೆಮ್ಮೆಯಾಗಿತ್ತು.

ನನ್ನ ಅಣ್ಣ ಜವರೇಗೌಡ ಬಿಳಿಗಿರಿರಂಗನ ಬೆಟ್ಟದಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದ. ನನಗಿಂತ ಎಂಟು ವರ್ಷಕ್ಕೆ ದೊಡ್ಡವನು. ಅತ್ತಿಗೆ ನಿಂಗಮ್ಮನೊಂದಿಗೆ ಕಾಡಿನ ನಡುವಿನ ಹೆಂಚಿನ ಚೌಕಿಯೊಂದರಲ್ಲಿ ಇದ್ದ. ಐವತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಮೈಸೂರಿನ ಸಾಮಿಲ್ಲಿನ ಯಜಮಾನ ಪುಟ್ಟರಾಜಯ್ಯನಿಗೆ ಆ ಕಾಡಿನಲ್ಲಿ ಹುಲಿ ಹೊಡೆಯಲು ಪರ್ಮಿಟ್ ಸಿಕ್ಕಿತು. ಸೆಕೆಗಾಲದಲ್ಲಿ ಹುಲಿ ಬಿದ್ದ ತಕ್ಷಣ ಸುಲಿದು ಉಪ್ಪು ಹಚ್ಚದಿದ್ದರೆ ಕೂದಲು ಉದುರಿಹೋಗುತ್ತದೆ. ಹಾಗಾಗಿ ಕಾರ್ಖಾನೆಯವರು ನನ್ನನ್ನು ಎರಡು ಮೂಟೆ ಉಪ್ಪು, ಪಟಿಕದ ಡಬ್ಬ, ಚಾಕುಗಳ ಸಮೇತ ಮುಂಚಿತವಾಗಿ ಕಳಿಸಿದರು. ಯಜಮಾನ ಬರುವುದು ತಡವಾಯಿತು. ಶಿವರಾತ್ರಿ ಕಳೆದ ಮೇಲೆ ಹೋದವನು ಒಂದೂವರೆ ತಿಂಗಳು ಅಣ್ಣನ ಮನೆಯಲ್ಲೇ ಉಳಿದೆ.

ಸತ್ತ ಪ್ರಾಣಿಗಳ ನಡುವೆ ಬೆಳೆದ ನಾನು ಬದುಕಿದವನ್ನು ನೋಡಿದ್ದು ಆಗಲೇ. ಬೆಳಗಿನ ಮಂಜಿನಲ್ಲಿ ಚೌಕಿಯ ಎದುರಿನ ಹುಲ್ಲುಗುಡ್ಡದ ಮೇಲೆ ಕಾಟಿಗಳು ಬಂಡೆಗಳ ಹಾಗೆ ನಿಂತಿರುತ್ತಿದ್ದವು. ಬಿಸಿಲೇರಿದಂತೆ ಒಂದೊಂದು ಬಂಡೆಗೂ ಕಾಲು ಬಂದು, ಬಿಳಿಯ ಕಾಲುಚೀಲ ತೊಟ್ಟಂತೆ, ಕಣಿವೆಯ ಹಸುರಿಗೆ ಇಳಿದುಹೋಗುತ್ತಿದ್ದವು. ಗುಡ್ಡದ ನೆತ್ತಿಯೆಲ್ಲ ನರಿಯ ಬಣ್ಣದ ಒಣಹುಲ್ಲು. ಎರಡು ಗುಡ್ಡ ಸೇರುವ ಮಡಿಕೆಯಲ್ಲಿ ಮಾತ್ರ, ಬೇಸಿಗೆಗೂ ಬಗ್ಗದ ಕಪ್ಪು ಹಸುರು ಕಾಡು, ಅದರೊಳಗೆ ಸೊಂಟಮಟ್ಟ ತಂಪು. ಕೆಳಗಿನ ಇಳಿಜಾರಿನಲ್ಲಿ ಎಲೆಯಿಲ್ಲದ ಮುತ್ತುಗದ ಮರಗಳು ಹೂಬಿಟ್ಟು ಕೆಂಡವಾಗಿದ್ದವು. ನೆಲ್ಲಿಕಾಯಿಗೆ ಕಡವೆಗಳು ಮರದಡಿ ಸೇರುತ್ತಿದ್ದವು. ಹುಲಿ ನಡೆದರೆ ಮೊದಲು ಹೇಳುವುದು ಮರದ ಮೇಲಿನ ಮುಸುವ, ಆಮೇಲೆ ಕಡವೆ ಎಂದು ಅಣ್ಣ ಕಲಿಸಿಕೊಟ್ಟ.

ಅಣ್ಣನ ಜೊತೆ ಕೆಲಸಕ್ಕೆ ಬರುತ್ತಿದ್ದವರು ಹತ್ತಿರದ ಪೋಡಿನ, ಎಂದರೆ ಸೋಲಿಗರ ಹಾಡಿಯ, ಜಡೇಗೌಡರು. ಅರವತ್ತರ ಹತ್ತಿರದ ಮನುಷ್ಯ. ಹುಲ್ಲಿಗೆ ಬೆರಳು ಸವರಿ, ಬೆರಳ ತುದಿಯನ್ನು ಬೆಳಕಿಗೆ ಹಿಡಿದು, ಯಾವ ಪ್ರಾಣಿ ಯಾವ ಹೊತ್ತಿನಲ್ಲಿ ಹೋಯಿತು ಎಂದು ಹೇಳುತ್ತಿದ್ದರು. ಗಾಯಗೊಂಡ ಕಡವೆಯೊಂದರ ರಕ್ತವನ್ನು ನಮ್ಮ ಕಣ್ಣಿಗೆ ಬರಿಯ ಹುಲ್ಲು ಕಂಡ ಜಾಗದಲ್ಲಿ ಹೀಗೆ ಬೆರಳಿಗೆ ತೆಗೆದು ತೋರಿಸಿದ್ದರು.

ಆ ತಿಂಗಳುಗಳಲ್ಲಿ ಅಣ್ಣನಿಗೆ ಇದ್ದದ್ದು ಒಂದೇ ಕೆಲಸ, ಫೈರ್ ಲೈನು. ಕಾಡಿಗೆ ಬಿದ್ದ ಬೆಂಕಿ ದಾಟದಂತೆ ಹುಲ್ಲಿನ ನಡುವೆ ನಾಲ್ಕು ಮಾರು ಅಗಲಕ್ಕೆ ಸವರಿ, ಸವರಿದ್ದನ್ನು ಸುಟ್ಟು, ನೆಲ ಬೋಳಾಗಿಸುವ ದಾರಿ ಅದು. ದಿನಾ ಬೆಳಿಗ್ಗೆ ಉದ್ದ ಹಿಡಿಯ ಕುಡುಗೋಲು ಹೆಗಲಿಗೆ ಹಾಕಿಕೊಂಡು ಅದರ ಮೇಲೆ ಮೂರು ಮೈಲಿ ನಡೆದು, ಉದುರಿದ ಎಲೆ ಗುಡಿಸಿ ಬರುತ್ತಿದ್ದ. ಸಂಜೆ ಬಂದಾಗ ಹಲ್ಲೊಂದು ಬಿಟ್ಟು ಮೈಯೆಲ್ಲ ಮಸಿ.

"ನಿಮ್ಮಣ್ಣನ ಮದ್ವೆ ಆಗೋವಾಗ ಗೋದಿ ಬಣ್ಣ ಅಂದಿದ್ರು ಕಣಪ್ಪಾ ಸಿದ್ದ" ಎಂದು ಅತ್ತಿಗೆ ನನ್ನನ್ನು ಕರೆದು ಹೇಳುತ್ತಿದ್ದರು. "ಮೋಸ ಮಾಡ್ಬುಟ್ರು. ಇದು ಕರಡಿ."

"ಕರಡಿಗೆ ಜೇನು ಕೊಡ್ಬೇಕಲ್ಲ, ಮುದ್ದೆ ಇಕ್ತಾಳೆ" ಎನ್ನುತ್ತಿದ್ದ ಅಣ್ಣ.

ನಾನು ನನ್ನ ಬದುಕಿನಲ್ಲಿ ಅಷ್ಟು ನಕ್ಕ ತಿಂಗಳು ಇನ್ನೊಂದಿಲ್ಲ.

ಯುಗಾದಿ ಕಳೆದ ವಾರಕ್ಕೆ ಪುಟ್ಟರಾಜಯ್ಯ ಜೀಪಿನಲ್ಲಿ ಬಂದ. ಬಿಳಿ ಬಿಳಿ ಬಟ್ಟೆ, ಮೀಸೆಗೆ ಎಣ್ಣೆ, ಎರಡು ಕೋವಿ. ಮಗಳ ನಿಶ್ಚಿತಾರ್ಥ ಇನ್ನು ಮೂರು ದಿನಕ್ಕೆ ಇದೆ, ಅಷ್ಟರಲ್ಲಿ ಮುಗಿಯಬೇಕು ಎಂದು ಬಂದವನೇ ಹೇಳಿದ. ಅಣ್ಣ ಕಾಡಿನ ನಿಯಮವನ್ನು ಒಪ್ಪಿಸಿದ: ಗುಂಡು ತಗುಲಿ ಹುಲಿ ಬೀಳದೆ ಹೋದರೆ, ಹೊಡೆದವರು ಕಾಡು ಬಿಡುವ ಹಾಗಿಲ್ಲ. ಗಾಯದ ಹುಲಿಯನ್ನು ಹುಡುಕಿ ಮುಗಿಸುವವರೆಗೆ ಅವರೇ ಇರಬೇಕು. ಅಲ್ಲಿಯವರೆಗೆ ಆ ಕಣಿವೆಗೆ ಯಾರೂ ಕಾಲಿಡಬಾರದು, ಸೌದೆಗೂ ಹೋಗಬಾರದು.

"ನಂಗೆ ಪಾಠ ಹೇಳ್ತೀಯೇನಯ್ಯ?" ಎಂದು ನಕ್ಕ ಪುಟ್ಟರಾಜಯ್ಯ. "ನಾನು ಹೊಡೆದ್ರೆ ಅದು ಎಲ್ಲಿಗೆ ಹೋಗುತ್ತೆ?"

ಮಾರನೆಯ ಬೆಳಿಗ್ಗೆ ಸೋವು ನಡೆಯಿತು. ಕಣಿವೆಯ ಆ ತುದಿಯಿಂದ ಜನ ತಮಟೆ ಬಡಿಯುತ್ತ ಬಂದರು. ಈ ತುದಿಯ ಮತ್ತಿಮರದ ಅಟ್ಟಣೆಯ ಮೇಲೆ ಪುಟ್ಟರಾಜಯ್ಯ. ನಾವು ಮೂವರು, ಅಣ್ಣ, ಜಡೇಗೌಡರು, ನಾನು, ಹಿಂದಿನ ಬಂಡೆಯ ಮರೆಯಲ್ಲಿ. ನಮಗೆ ಅಟ್ಟಣೆ ಕಾಣುತ್ತಿತ್ತು, ಅದರ ಕೆಳಗಿನ ಹುಲ್ಲು ಕಾಣುತ್ತಿರಲಿಲ್ಲ. ಮುಸುವ ಕೂಗಿತು. ಹುಲಿ ಬಂತು ಎಂದು ಗೊತ್ತಾಯಿತು. ಅಟ್ಟಣೆಯ ಮೇಲಿನ ಕೋವಿ ಮೇಲೇಳಲೇ ಇಲ್ಲ. ಅವನು ಮುಂದೆ ನೋಡುತ್ತ ಕಲ್ಲಾಗಿದ್ದ. ಎಷ್ಟೋ ಹೊತ್ತಾದ ಮೇಲೆ ಅವನು ಹಿಂದಕ್ಕೆ ಹೊರಳಿ, ಹುಲಿ ದಾಟಿಹೋದ ಕಡೆಗೆ ಗುಂಡು ಹಾರಿಸಿದ. ಸದ್ದಿನ ಬೆನ್ನಿಗೇ ಹುಲ್ಲೊಳಗಿಂದ ಒಂದು ಗುರುಗುಟ್ಟುವ ದನಿ ಬಂದು ನಿಂತಿತು.

ಅವನು ಏಣಿ ಇಳಿದು ಬಂದಾಗ ಮುಖ ಬೂದಿಯಾಗಿತ್ತು. "ತಗಲ್ಲಿಲ್ಲ" ಎಂದ. "ಮಿಸ್ಸಾಯ್ತು."

"ಉಲಿ ಗುರ್ ಅಂತು ಬುದ್ಧೀ" ಎಂದರು ಜಡೇಗೌಡರು. "ಗುಂಡು ತಗುಲ್ದೇ ಇರೋ ಉಲಿ ಸದ್ದು ಮಾಡಕಿಲ್ಲ. ಸುಮ್ನೆ ಓಯ್ತದೆ."

"ನಾನು ಹೊಡೆದದ್ದು ನಂಗೆ ಗೊತ್ತಿಲ್ವಾ, ಇವನ ಕಿವಿಗೆ ಗೊತ್ತಾ?"

ಜಡೇಗೌಡರು ಹುಲ್ಲಿಗಿಳಿದು ಇಪ್ಪತ್ತು ಮಾರು ದೂರ ಬೆರಳು ಸವರುತ್ತ ಹೋದರು. ಬೆರಳಿಗೆ ಏನೂ ಹತ್ತಲಿಲ್ಲ. ಕೊಬ್ಬಿದ ಹುಲಿಯ ಹಿಂಭಾಗಕ್ಕೆ ಗುಂಡು ಬಿದ್ದರೆ ಕೊಬ್ಬು ತೂತನ್ನು ಮುಚ್ಚುತ್ತದೆ, ರಕ್ತ ಒಳಗೇ ನಿಲ್ಲುತ್ತದೆ. ಇದನ್ನು ಆಮೇಲೆ ಅವರೇ ಹೇಳಿದರು. ಮುಂದೆ ಹೋಗಲು ಅವರಿಗೆ ಕೋವಿ ಬೇಕಿತ್ತು, ಕೋವಿಯವನು ಆಗಲೇ ಚೌಕಿಯ ದಾರಿ ಹಿಡಿದಿದ್ದ.

ಪುಟ್ಟರಾಜಯ್ಯ ಚೌಕಿಯ ಜಗಲಿಯ ಮೇಲೆ ಕೂತು ಅತ್ತಿಗೆಯ ಕೈಯಿಂದ ಮಜ್ಜಿಗೆ ಈಸಿಕೊಂಡು ಕುಡಿದ. ಅಣ್ಣ ಅವನೆದುರು ನಿಂತು ಒಂದು ಸಲ ಕೇಳಿದ, ಇಲ್ಲ ಎಂದ. ಇನ್ನೊಮ್ಮೆ ಕೇಳಿದ. "ಯಜಮಾನ್ರೆ, ತಪ್ಪು ತಿಳ್ಕೋಬೇಡಿ. ನಾಳೆಯಿಂದ ನಾನು ಆ ಲೈನ್ ಮೇಲೆ ತಿರುಗಾಡೋನು. ತಗುಲಿದ್ರೆ ತಗುಲ್ತು ಅಂದ್ಬುಡಿ. ನಾವು ಯಾರ್ಗೂ ಏನೂ ಅನ್ನಕಿಲ್ಲ."

"ತಗಲ್ಲಿಲ್ಲ ಅಂದೆನಲ್ಲ. ಎಷ್ಟು ಸಲ ಹೇಳ್ಬೇಕು?" ಎಂದು ಲೋಟ ಕೆಳಗಿಟ್ಟ. ಮಧ್ಯಾಹ್ನವೇ ಜೀಪು ಮೈಸೂರಿಗೆ ಹೊರಟಿತು.

ಆ ಸಂಜೆ ಅಣ್ಣ ಜಗಲಿಯಲ್ಲಿ ಕೂತು ಎದುರಿನ ಗುಡ್ಡ ನೋಡುತ್ತಿದ್ದ. "ಏನಂತೀಯೋ ಸಿದ್ದ?" ಎಂದು ಕೇಳಿದ. ನಾನು ಹೇಳಿದೆ: "ಅಷ್ಟು ದೊಡ್ಡ ಮನುಷ್ಯ ಅಣ್ಣಯ್ಯ. ಸುಳ್ಳು ಹೇಳಿ ಅವನಿಗೆ ಆಗ್ಬೇಕಾದ್ದೇನು?" ಅಣ್ಣ ತಲೆದೂಗಿದ. ಈ ಮಾತನ್ನು ನಾನು ಆಡಿದೆ. ಇದನ್ನು ಬರೆಯದೆ ಮುಂದಿನದನ್ನು ಬರೆದರೆ ನಾನೂ ಪುಟ್ಟರಾಜಯ್ಯನೇ ಆದೇನು.

ಒಂದು ದಿನ ಬಿಟ್ಟು ಗಾಳಿ ತಿರುಗಿತು. ಕೆಳಗಿನ ಬಯಲಿನಲ್ಲಿ ಯಾರೋ ಹಚ್ಚಿದ ಬೆಂಕಿ ಮೇಲೇರತೊಡಗಿತು. ಲೈನಿನ ಮೇಲೆ ಎಲೆ ಬಿದ್ದಿದ್ದರೆ ದಾಟುತ್ತದೆ ಎಂದು ಅಣ್ಣ ಬೆಳಿಗ್ಗೆಯೇ ಕುಡುಗೋಲು ಹಿಡಿದು ಹೊರಟ. ಜಡೇಗೌಡರು ಪೋಡಿಗೆ ಜನ ಕರೆಯಲು ಹೋಗಿದ್ದರು. ನಾವು ಹತ್ತು ಗಂಟೆಗೆ ಹಿಂದಿನಿಂದ ಹೋದಾಗ, ಕಣಿವೆಯ ಅಂಚು ಲೈನಿಗೆ ತಾಗುವ ತಿರುವಿನಲ್ಲಿ, ಅರ್ಧ ಗುಡಿಸಿದ ಎಲೆಗಳ ಗುಡ್ಡೆಯ ಪಕ್ಕದಲ್ಲಿ ಅವನು ಇದ್ದ. ಕುಡುಗೋಲಿನ ಹಿಡಿ ಮುರಿದಿತ್ತು. ಲೈನು ಅಲ್ಲಿಯವರೆಗೆ ಅಂಗಳದ ಹಾಗೆ ಚೊಕ್ಕಟವಾಗಿತ್ತು. ಬೆಂಕಿ ಅದರ ಅಂಚಿಗೆ ಬಂದು, ದಾಟಲಾರದೆ, ಅಣ್ಣನ ಕಾಲಿನಿಂದ ಹತ್ತು ಹೆಜ್ಜೆ ಆಚೆಗೆ ತಾನಾಗಿ ಆರಿತ್ತು. ಮಧ್ಯಾಹ್ನ ಆ ವರ್ಷದ ಮೊದಲ ಮಳೆ ಬಿತ್ತು. ಸುಟ್ಟ ಹುಲ್ಲಿನ ಮೇಲೆ ಬಿದ್ದ ಮಳೆಯ ವಾಸನೆಯಲ್ಲಿ ನಾವು ಅವನನ್ನು ಹೊತ್ತು ತಂದೆವು.

ರೇಂಜರು ಗಾರ್ಡುಗಳನ್ನು ಕರೆದುಕೊಂಡು ಬಂದು ಮೂರನೆಯ ದಿನ ಹುಲಿಯನ್ನು ಅದೇ ಕಣಿವೆಯಲ್ಲಿ ಹೊಡೆದರು. ಅದು ಏಳಲಾರದೆ ಮಲಗಿತ್ತಂತೆ. ತಲೆಯೆತ್ತಿದಾಗ ಎದೆಗೆ ಒಂದೇ ಗುಂಡು. ಸುಲಿಯಲು ಕೂತಾಗ ಅದರ ಹಿಂದೊಡೆಯ ಮೇಲೆ, ಬಾಲದಿಂದ ಒಂದು ಗೇಣು ಮೇಲೆ, ಹಳೆಯ ತೂತು ಕಂಡಿತು. ಹುಳುವಾಗಿತ್ತು. ಐದು ದಿನ ಆ ನೋವಿನಲ್ಲಿ ಬೇಟೆಯಿಲ್ಲದೆ ಬಿದ್ದಿದ್ದ ಪ್ರಾಣಿ ಅದು. ಹುಲಿಯ ಮೇಲೆ ನನಗೆ ಕೋಪ ಬರಲಿಲ್ಲ. ಅದರ ಮತ್ತು ನನ್ನ ಅಣ್ಣನ ಸಾವಿಗೆ ಒಂದೇ ಗುಂಡು ಸಾಕಾಯಿತು ಎಂದಷ್ಟೇ ತಿಳಿಯಿತು.

ನಿಶ್ಚಿತಾರ್ಥ ಮುಗಿಸಿದ ಪುಟ್ಟರಾಜಯ್ಯ ಸುದ್ದಿ ಕೇಳಿ ಜೀಪಿನಲ್ಲಿ ಓಡಿಬಂದ. ಬೇಟೆಯಲ್ಲಿ ಒಂದು ಕಟ್ಟಳೆಯಿದೆ: ಕೊನೆಗೆ ಯಾರೇ ಕೊಲ್ಲಲಿ, ಪ್ರಾಣಿ ಮೊದಲ ಗುಂಡಿನವನಿಗೆ ಸೇರುತ್ತದೆ. ಅವನು ಹುಲಿಯ ಸುತ್ತ ಒಂದು ಸುತ್ತು ಬಂದು, ಹಿಂದಿನ ತೂತನ್ನು ಬೂಟಿನ ತುದಿಯಿಂದ ತೋರಿಸಿ, "ಇದು ನನ್ನ ಗುಂಡು. ಹುಲಿ ನಂದು" ಎಂದ.

ಜಡೇಗೌಡರು ನೆಲ ನೋಡುತ್ತ ಹೇಳಿದರು, "ಅವತ್ತು ತಗಲ್ಲಿಲ್ಲ. ಇವತ್ತು ತಗಲ್ತಾ ಬುದ್ಧೀ?"

ರೇಂಜರು ಕಟ್ಟಳೆಯ ಪ್ರಕಾರ ಬರೆದುಕೊಟ್ಟರು. ಒಳಗೆ ಅತ್ತಿಗೆ ಗೋಡೆಗೆ ತಲೆಯೊರಗಿಸಿ ಕೂತಿದ್ದರು. ಅವನು ಅವರನ್ನು ಮಾತಾಡಿಸಲಿಲ್ಲ.

ನಾನು ಹುಲಿಯ ಚರ್ಮದೊಂದಿಗೆ ಮೈಸೂರಿಗೆ ಬಂದೆ, ಅತ್ತಿಗೆಯೂ ಬಂದರು. ಹತ್ತು ದಿನಕ್ಕೆ ಪುಟ್ಟರಾಜಯ್ಯ ಕಾರ್ಖಾನೆಗೆ ಬಂದು ನಮ್ಮ ಮೇಸ್ತ್ರಿಗೆ ಹೇಳಿದ್ದನ್ನು ನಾನು ಪಟಿಕದ ತೊಟ್ಟಿಯ ಹಿಂದೆ ನಿಂತು ಕೇಳಿದೆ. ಎದೆಯ ಗುಂಡಿನ ಗುರುತು ಕಾಣಬೇಕು, ಹಿಂದಿನದು ಇರಲೇಬಾರದು. ಪೀಠಕ್ಕೆ ಹಿತ್ತಾಳೆ ತಗಡು ಬೇಕು. ಅದರಲ್ಲಿ ಬರೆಯಬೇಕಾದ್ದನ್ನು ಚೀಟಿಯಲ್ಲಿ ಕೊಟ್ಟ: "ಫಾರೆಸ್ಟ್ ಗಾರ್ಡೊಬ್ಬನನ್ನು ಕೊಂದ ಹುಲಿ. ಅವನ ಸೇಡಿಗಾಗಿ ಎದುರು ನಿಂತು ಹೊಡೆದದ್ದು." ಗಾರ್ಡೊಬ್ಬ. ನನ್ನ ಅಣ್ಣನಿಗೆ ಹೆಸರಿರಲಿಲ್ಲ. ಅವನ ಜೀವ ಕಳೆದದ್ದಲ್ಲದೆ, ಅವನಿಗಾಗಿ ನಾವು ಹೊತ್ತಿದ್ದ ಸೇಡನ್ನೂ ಇವನು ಕದ್ದುಕೊಂಡು ಹೋಗುತ್ತಿದ್ದ.

ಮೇಸ್ತ್ರಿಗೆ ಎಲ್ಲ ಹೇಳಿದೆ. ಅವರು, "ನಮ್ಮದು ಹೊಲಿಯೋ ಕೆಲಸ ಕಣೋ ಸಿದ್ದ. ಬಾಯಿ ಹೊಲ್ಕೊಂಡು ಮಾಡ್ಬೇಕು" ಎಂದರು.

ಹೊಲಿದೆ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಹೊಲಿದಿರಲಿಲ್ಲ. ಮೇಸ್ತ್ರಿ ಕನ್ನಡಕ ಹಾಕಿಕೊಂಡು ಹುಡುಕಿದರೂ ಹಿಂದೊಡೆಯ ಹೊಲಿಗೆ ಸಿಕ್ಕಲಿಲ್ಲ. ಆದರೆ ಒಡಲಿಗೆ ಹಾಕುವ ಮುಂಚೆ ಚರ್ಮದ ಒಳಮೈಗೆಲ್ಲ ಪಾಷಾಣ ಬೆರೆಸಿದ ಸಾಬೂನು ಸವರಬೇಕು. ಅದು ಇದ್ದ ಕಡೆ ನೂರು ವರ್ಷವಾದರೂ ಹುಳ ಬಾಯಿ ಹಾಕುವುದಿಲ್ಲ. ನಾನು ಮೂಗಿನಿಂದ ಬಾಲದ ತುದಿಯವರೆಗೆ ಎರಡು ಸಲ ಸವರಿದೆ, ಆ ತೂತಿನ ಸುತ್ತ ಅಂಗೈಯಗಲ ಜಾಗ ಬಿಟ್ಟು. ಹೊಲಿಗೆಗೂ ಅಲ್ಲಿ ಮೇಣ ಹಚ್ಚದ ದಾರ ಹಾಕಿದೆ. ನಾನು ಕೂಗಾಡಿದರೆ ಕೇಳುವವರಿರಲಿಲ್ಲ. ಮೈಸೂರಿನ ಮಳೆಗಾಲಗಳಿಗೆ ಒಪ್ಪಿಸಿ ಕಾಯುವುದು ನನಗೆ ಗೊತ್ತಿತ್ತು.

ಒಂಬತ್ತು ಮಳೆಗಾಲ ಕಾಯ್ದೆ. ಪ್ರತಿ ಆಷಾಢದಲ್ಲಿ ಗೋಡೆಗಳು ಬೆವರುವಾಗ, ಪೆಟ್ಟಿಗೆಯೊಳಗಿನ ರೇಷ್ಮೆಗೆ ನುಸಿ ಹತ್ತುವಾಗ, ಹಿನಕಲ್ ಕಡೆಯ ಪುಟ್ಟರಾಜಯ್ಯನ ಮನೆಯ ಪಡಸಾಲೆಯನ್ನು ನೆನೆದು ನನಗೆ ಒಳಗೊಳಗೇ ಸುಖವಾಗುತ್ತಿತ್ತು. ಇದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಅವನು ಮಗಳ ಮದುವೆ ಮಾಡಿದ, ಮಗನಿಗೆ ಹೆಣ್ಣು ತಂದ. ಬಂದವರಿಗೆಲ್ಲ ಹುಲಿಯ ಮುಂದೆ ನಿಂತು, ಹುಲಿ ಹೇಗೆ ಮೈಮೇಲೆ ಬಂತು, ತಾನು ಹೇಗೆ ಕದಲದೆ ನಿಂತೆ ಎಂದು ಹೇಳುತ್ತಾನೆ ಎಂದು ಊರಲ್ಲಿ ಕೇಳುತ್ತಿದ್ದೆ. ಅತ್ತಿಗೆ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದರು.

ಹತ್ತನೆಯ ವರ್ಷ ನವರಾತ್ರಿಗೆ ಎರಡು ದಿನ ಮುಂಚೆ ಕಾರ್ಖಾನೆಗೆ ಹೇಳಿಕಳಿಸಿದರು. ಹುಲಿಯ ಕೂದಲು ಉದುರುತ್ತಿದೆ, ಗೊಂಬೆ ಕೂರಿಸುವ ಪಡಸಾಲೆ, ನೋಡಲು ಹತ್ತಾರು ಜನ ಬರುತ್ತಾರೆ, ಹಬ್ಬದೊಳಗೆ ಸರಿಮಾಡಬೇಕು. ಮೇಸ್ತ್ರಿ ನನ್ನ ಕೈಗೆ ಸೂಜಿಪೆಟ್ಟಿಗೆ ಕೊಟ್ಟು ಮುಖ ತಿರುಗಿಸಿಕೊಂಡರು. ಆ ಸಂಜೆ ಅತ್ತಿಗೆಗೆ ಮೊದಲ ಸಲ ಎಲ್ಲವನ್ನೂ ಹೇಳಿದೆ.

"ಒಂಬತ್ತು ವರ್ಸ ನನ್ಗೂ ಯೇಳ್ದೆ ಒಳಗೇ ಮಡಿಕ್ಕಂಡಿದ್ಯಾ?" ಎಂದರು. ಸ್ವಲ್ಪ ಹೊತ್ತು ಕಡ್ಡಿ ಹೊಸೆದರು. ಆಮೇಲೆ, "ನಾಳೆ ನಾನೂ ಬತ್ತೀನಿ ಕಣಪ್ಪ" ಎಂದರು.

ಪಡಸಾಲೆಯ ಒಂದು ಕಡೆ ಗೊಂಬೆಗಳ ಮೆಟ್ಟಿಲು ಕಟ್ಟುತ್ತಿದ್ದರು. ಪುಟ್ಟರಾಜಯ್ಯನ ಹೆಂಡತಿ, ಸೊಸೆ, ಬೀಗರ ಕಡೆಯ ನಾಲ್ಕು ಹೆಂಗಸರು. ಅವನು ಬೆತ್ತದ ಕುರ್ಚಿಯಲ್ಲಿದ್ದ. ಮೀಸೆ ಬೆಳ್ಳಗಾಗಿತ್ತು. ನನ್ನ ಗುರುತು ಸಿಕ್ಕಲಿಲ್ಲ. ಹುಲಿಯ ಹಿಂಭಾಗವನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರು.

"ಮಾವನೋರ ಹುಲಿಗೆ ಹಿಂದ್ಗಡೆ ಕಜ್ಜಿ ಆಗ್ಬಿಟ್ಟಿದೆ ಕಣ್ರೀ. ಔಷಧ ಹಾಕಿ" ಎಂದು ಸೊಸೆ ನಕ್ಕಳು. ಹೆಂಗಸರೆಲ್ಲ ನಕ್ಕರು.

ಇಬ್ಬರು ಆಳುಗಳು ಹುಲಿಯನ್ನು ಬೆಳಕಿಗೆ ಎಳೆದರು. ಹಿಂದೊಡೆಯ ಮೇಲೆ ಅಂಗೈಯಗಲ ಬೋಳು, ನಾನು ಬಿಟ್ಟಷ್ಟೇ, ಒಂದು ಬೆರಳು ಹೆಚ್ಚಿಲ್ಲ ಕಡಿಮೆಯಿಲ್ಲ. ದಾರ ಕರಗಿ, ಚರ್ಮ ಒಣಗಿ ಸೆಳೆದು, ನಡುವೆ ತೂತು ಮೊದಲ ದಿನದ ಹಾಗೆ ಗುಂಡಗೆ ತೆರೆದುಕೊಂಡಿತ್ತು.

ಬಾಗಿಲ ಬಳಿ ನಿಂತಿದ್ದ ಅತ್ತಿಗೆ ಒಳಗೆ ಬಂದರು. ಹುಲಿಯ ಮುಖವನ್ನು ನೋಡಲೇ ಇಲ್ಲ. ನೇರ ಹಿಂದಕ್ಕೆ ಹೋಗಿ, ಬಗ್ಗಿ, ಆ ಬೋಳು ಜಾಗದ ಮೇಲೆ ಬೆರಳು ಸವರಿ, ಬೆರಳ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಜಡೇಗೌಡರು ಹುಲ್ಲು ಸವರಿದ್ದನ್ನು ಅವರು ಎಂದೂ ಕಂಡವರಲ್ಲ.

"ಯಾರಮ್ಮ ನೀನು?" ಎಂದ ಪುಟ್ಟರಾಜಯ್ಯ.

"ಇದ್ರಲ್ಲಿ ಗಾರ್ಡೊಬ್ಬ ಅಂತ ಬರ್ಸಿದ್ದೀರಲ್ಲ, ಅವ್ನ ಹೆಸ್ರು ಜವರೇಗೌಡ. ನಾನು ಅವ್ನ ಎಂಡ್ರು." ದನಿ ಏರಲಿಲ್ಲ. "ಅವತ್ತು ನಮ್ಮ ಜಗ್ಲಿ ಮೇಲೆ ಕುಂತ್ಕಂಡು ನನ್ನ ಕೈಲಿ ಮಜ್ಜಿಗೆ ಈಸ್ಕಂಡು ಕುಡ್ದ್ರಿ. ನನ್ನ ಗಂಡ ಎರಡು ಸಲ ಕೇಳ್ದ. ತಗಲ್ಲಿಲ್ಲ ಅಂದ್ರಿ. ಹಂಗಾದ್ರೆ ಇದೇನು ಯಜಮಾನ್ರೆ?"

ಕೈಯಲ್ಲಿ ಗೊಂಬೆ ಹಿಡಿದಿದ್ದವರೆಲ್ಲ ಹಾಗೇ ನಿಂತರು.

"ಅದು... ಹುಳ ತಿಂದಿರೋದು" ಎಂದ.

ಸೊಸೆ ಹತ್ತಿರ ಬಂದು ತೂತನ್ನು ನೋಡಿದಳು. ಆಮೇಲೆ ಮುಂದೆ ಹೋಗಿ ಹಿತ್ತಾಳೆ ತಗಡನ್ನು ಓದಿದಳು. ಅದನ್ನು ಅವಳು ದಿನಾ ಒರೆಸಿ ಹೊಳಪಿಟ್ಟವಳು. ಮತ್ತೆ ಹಿಂದೆ ಬಂದು ನೋಡಿದಳು. "ಹುಳ ಇಷ್ಟು ಗುಂಡಗೆ ತಿನ್ನುತ್ತಾ ಮಾವ?" ಎಂದಳು. ಈ ಸಲ ಯಾರೂ ನಗಲಿಲ್ಲ.

ಅವನು ನನ್ನ ಕಡೆ ತಿರುಗಿದ. ಆಗ ಗುರುತು ಹತ್ತಿತು. "ಹೊಲಿ. ಮೊದ್ಲು ಅದನ್ನ ಹೊಲಿ ನೀನು" ಎಂದ.

ನಾನು ಸೂಜಿಪೆಟ್ಟಿಗೆಯ ಮುಚ್ಚಳ ಹಾಕಿದೆ. "ಗುಂಡು ತಗಲ್ಲಿಲ್ಲ ಅಂದ್ಮೇಲೆ ಹೊಲಿಯೋಕೆ ಏನಿದೆ ಯಜಮಾನ್ರೆ?" ಎಂದೆ.

ಆ ವಾರವೇ ನನ್ನ ಕೆಲಸ ಹೋಯಿತು. ಹೋಗಲಿ ಎಂದುಕೊಂಡೇ ಹೋಗಿದ್ದೆ. ಹುಲಿಯನ್ನು ಹಬ್ಬಕ್ಕೆ ಮುಂಚೆ ಅಟ್ಟಕ್ಕೆ ಸಾಗಿಸಿದರಂತೆ. ಪುಟ್ಟರಾಜಯ್ಯ ಆಮೇಲೂ ಆರೇಳು ವರ್ಷ ಬದುಕಿದ್ದ. ಆದರೆ ಆ ಕಥೆಯನ್ನು ಮತ್ತೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದ್ದೇನೆ. ಅಣ್ಣ ಅದರಿಂದ ಎದ್ದು ಬರಲಿಲ್ಲ, ನಿಜ. ಆದರೂ ಆ ಮೌನ ನಾನು ಹೊಲಿದದ್ದು.

ಅಂದು ಆ ಮನೆಯಿಂದ ಕೆಸರೆಯವರೆಗೆ ನಾವು ನಡೆದೇ ಬಂದೆವು. ಅತ್ತಿಗೆ ಹುಲಿಯ ಮೈಯ ಧೂಳು ಹತ್ತಿದ ಆ ಬೆರಳನ್ನು ದಾರಿಯುದ್ದಕ್ಕೂ ಸೆರಗಿಗೆ ತಾಗದಂತೆ ಹಿಡಿದುಕೊಂಡಿದ್ದರು. ಮನೆಗೆ ಬಂದು, ಗೋಡೆಯ ಮೇಲೆ ನೇತುಹಾಕಿದ್ದ, ಅಣ್ಣನ ಆ ಹಿಡಿ ಮುರಿದ ಕುಡುಗೋಲಿನ ಅಲಗಿಗೆ ಅದನ್ನು ಒರೆಸಿ, ಕೈ ತೊಳೆದು, ಒಲೆ ಹಚ್ಚಿದರು.